ಕಿಟಕಿಯಿಂದ ಬಂದ ಬುತ್ತಿ

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ಸಿಕ್ಕವನನ್ನು ಲೋಕ ಭಾಗ್ಯವಂತನೆಂದು ತಿಳಿಯುತ್ತದೆ. ಗಾಳಿ, ಬೆಳಕು, ಹೊರಗಿನ ತೊಗರಿ ಹೊಲದ ಹಸಿರು, ಇವೆಲ್ಲ ಅವನ ಪಿತ್ರಾರ್ಜಿತ ಆಸ್ತಿಯೇನೋ ಎಂಬಂತೆ, ನಡುವಿನ ಹಾದಿಯಲ್ಲಿ ಜೋತಾಡುತ್ತ ನಿಂತವರು ಅವನತ್ತ ಮತ್ಸರದ ದೃಷ್ಟಿ ಬೀರುತ್ತಾರೆ. ಆದರೆ ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿಗಳ ಬಸ್ ನಿಲ್ದಾಣಗಳಲ್ಲಿ ಕಿಟಕಿ ಇರುವುದು ಗಾಳಿ ಬರಲಿಕ್ಕಲ್ಲ, ಸಾಮಾನು ಬರಲಿಕ್ಕೆ ಎಂಬುದು ಅಲ್ಲಿ ಕೂತವನಿಗಷ್ಟೇ ಗೊತ್ತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕರ್ಚೀಫು, ಟವೆಲ್ಲು, ಕೈಚೀಲ, ಕೊಡೆ, ಒಮ್ಮೊಮ್ಮೆ ಅಳುವ ಕೂಸು ಕೂಡ ಕಿಟಕಿಯಿಂದ ಒಳಗೆ ಬಂದು ಆಸನಗಳನ್ನು ಆಕ್ರಮಿಸುತ್ತವೆ. ಅವುಗಳ ಯಜಮಾನರು ಬಾಗಿಲಲ್ಲಿ ಗುದ್ದಾಡಿ ಆಮೇಲೆ ಸಾವಕಾಶವಾಗಿ ಬರುತ್ತಾರೆ. ಈ ಸ್ವಾಗತ ಸಮಿತಿಗೆ ಬಹುಕಾಲದಿಂದ ಅವಿರೋಧವಾಗಿ ಆಯ್ಕೆಯಾಗುತ್ತಿರುವ ಅಧ್ಯಕ್ಷ ನಾನು.

ನನ್ನ ಮುಖದಲ್ಲಿ ಏನೋ ಇದೆ. ಕನ್ನಡಿಯಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗದ ಅದು ಅಪರಿಚಿತರ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನೂರಾರು ಜನ ನಿಂತಿದ್ದರೂ "ಜರಾ ನೋಡ್ಕೊಂತಿರ್ರಿ, ನೀರ ತುಂಬ್ಕೊಂಡು ಬರ್ತೀನಿ" ಎಂದು ಟ್ರಂಕು ಒಪ್ಪಿಸಲು ಅವರಿಗೆ ನಾನೇ ಬೇಕು. ಹಾಗೆ ಪರರ ಟ್ರಂಕನ್ನು ಕಾಯುತ್ತ, ನಾನು ಹತ್ತಬೇಕಿದ್ದ ರೈಲನ್ನು ಗೌರವಪೂರ್ವಕವಾಗಿ ಬೀಳ್ಕೊಟ್ಟದ್ದೂ ಉಂಟು. ಶಹಾಬಾದಿನಲ್ಲಿ ಗೆಳೆಯನ ಕೆಟ್ಟು ನಿಂತ ಸ್ಕೂಟರನ್ನು ಏದುಸಿರು ಬಿಡುತ್ತ ತಳ್ಳಿದೆ. ಅದು ಚಾಲೂ ಆದದ್ದೇ ತಡ, ಮತ್ತೆಲ್ಲಿ ನಿಂತೀತೋ ಎಂಬ ಭಯದಿಂದ ಅವನು ಹಿಂದಿರುಗಿಯೂ ನೋಡದೆ ಹೊರಟುಹೋದ. ನನ್ನ ಚೀಲ ಅವನ ಸ್ಕೂಟರಿನ ಮೇಲೆಯೇ ಇತ್ತು, ನಾನು ಫರಸಿಕಲ್ಲಿನ ಧೂಳಿನಲ್ಲಿದ್ದೆ.

ಸನ್ನತಿಯ ಪ್ರಸಂಗವನ್ನಂತೂ ನನ್ನ ಹೆಂಡತಿ ಶಾಂತಾ ಇಂದಿಗೂ ಬಂದವರಿಗೆಲ್ಲ ಚಹಾದ ಜೊತೆಗೆ ಬಡಿಸುತ್ತಾಳೆ. ಬೆಳಿಗ್ಗೆ ಹಾಲು ತರಲೆಂದು ಚಿತ್ತಾಪುರದ ನಮ್ಮ ಮನೆಯಿಂದ ಹೊರಟಿದ್ದೆ. ಪರವೂರಿನ ಕುಟುಂಬವೊಂದು ಕಾರು ನಿಲ್ಲಿಸಿ ಸನ್ನತಿಗೆ ದಾರಿ ಕೇಳಿತು. ಇತಿಹಾಸದ ಉಪನ್ಯಾಸಕನಾಗಿ ನಿವೃತ್ತನಾದವನಿಗೆ ದಾರಿಯನ್ನಷ್ಟೇ ಹೇಳಿ ಬಿಡಲು ಸಾಧ್ಯವೇ? ಹೇಳುತ್ತ ಹೇಳುತ್ತ ಕಾರಿನೊಳಗೆ ಕೂತೆ, ಭೀಮಾ ತೀರದವರೆಗೆ ಹೋದೆ, ಉತ್ಖನನದಲ್ಲಿ ಸಿಕ್ಕ ಶಿಲ್ಪಗಳ ಬಗ್ಗೆ ಬಿಸಿಲಿನಲ್ಲಿ ನಿಂತು ಭಾಷಣ ಮಾಡಿದೆ, ಚಂದ್ರಲಾಂಬೆಯ ದರ್ಶನ ಪಡೆದು ಸಂಜೆಗೆ ಮನೆ ಸೇರಿದೆ. ಕೈಯಲ್ಲಿ ಪ್ರಸಾದದ ತೆಂಗಿನಕಾಯಿ ಇತ್ತು, ಹಾಲು ಇರಲಿಲ್ಲ.

"ನಿಮ್ಮನ್ನ ಹಾಲಿಗಿ ಕಳಿಸಿದ್ರ ಗುಡಿ ನೋಡ್ಕೊಂಡು ಬರ್ತೀರಿ. ಊರ ಉಸಾಬರಿ ಎಲ್ಲಾ ನಿಮಗ ಬೇಕು," ಅಂದಳು ಶಾಂತಾ. ನಮ್ಮ ದಾಂಪತ್ಯದ ಪಲ್ಲವಿ ಇದೇ. ಅವಳ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅವಳ ಕೈಯ ಶೇಂಗಾ ಹೋಳಿಗೆ ನಮ್ಮ ಓಣಿಯಲ್ಲೆಲ್ಲ ಪ್ರಸಿದ್ಧ. ಆದರೆ ಎಳ್ಳಮಾವಾಸ್ಯೆಯಲ್ಲೋ ನಾಗರಪಂಚಮಿಯಲ್ಲೋ ಅವನ್ನು ತಟ್ಟುವಾಗಲೆಲ್ಲ ಅವಳು ಒಮ್ಮೆ ತಡೆದು ನಿಲ್ಲುತ್ತಾಳೆ. "ಎರಡೂ ಗಂಡಮಕ್ಕಳ್ನ ಹಡದೆ. ಬುತ್ತಿ ಕಟ್ಕೊಂಡು ಹೋಗ್ಲಿಕ್ಕ ಒಂದು ಮಗಳಿಲ್ಲ ನನಗ," ಎನ್ನುತ್ತಾಳೆ. ನಾನು ಇನ್ನೊಂದು ಹೋಳಿಗೆಗೆ ಕೈ ಚಾಚುತ್ತೇನೆ.

ಈಗ ಮತ್ತೆ ಕಿಟಕಿಗೆ ಬರೋಣ. ಹೋದ ವರ್ಷ ನಾನು ಚಿಂಚೋಳಿಗೆ ಹೊರಟಿದ್ದೆ. ಅಲ್ಲಿ ಗೆಳೆಯ ಶರಣಪ್ಪ ಹೊಸ ಮನೆ ಕಟ್ಟಿಸುತ್ತಿದ್ದ. ನೆಲಕ್ಕೆ ಯಾವ ಬಣ್ಣದ ಕಲ್ಲು ಹಾಸಬೇಕೆಂಬ ಬಗ್ಗೆ ಅವನು ನನ್ನ ಸಲಹೆಯನ್ನೇನೂ ಕೇಳಿರಲಿಲ್ಲ, ಕೊಡುತ್ತೇನೆಂದು ನಾನೇ ಹೇಳಿದ್ದೆ. ಚಿತ್ತಾಪುರದಿಂದ ಸೇಡಮ್ಮಿಗೆ ಬಂದು ಚಿಂಚೋಳಿ ಬಸ್ಸು ಹಿಡಿದು, ಯಥಾಪ್ರಕಾರ ಕಿಟಕಿಯ ಪಕ್ಕ ವಿರಾಜಮಾನನಾದೆ. ನಮ್ಮ ಬಸ್ಸಿಗೆ ಒತ್ತಿಕೊಂಡೇ ಗುರುಮಠಕಲ್ಲಿನ ಬಸ್ಸು ನಿಂತಿತ್ತು. ಎರಡಕ್ಕೂ ಬಣ್ಣ ಒಂದೇ, ಗದ್ದಲ ಒಂದೇ, ಬಾಗಿಲಲ್ಲಿ ನಡೆದಿದ್ದ ಧರ್ಮಯುದ್ಧವೂ ಒಂದೇ.

ಆ ಗದ್ದಲದ ನಡುವಿನಿಂದ ಒಬ್ಬ ಹೆಂಗಸು ನನ್ನ ಕಿಟಕಿಯ ಕೆಳಗೆ ಪ್ರತ್ಯಕ್ಷಳಾದಳು. ಹಸಿರು ಸೀರೆ, ನಡುಪ್ರಾಯ ದಾಟಿದ ಮುಖ, ಬೆವರಿಳಿಯುವ, ಕುಂಕುಮವಿಲ್ಲದ ಹಣೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಿಳಿ ಧೋತರದಲ್ಲಿ ಬಿಗಿದು ಕಟ್ಟಿದ ಬುತ್ತಿಯ ಗಂಟನ್ನೂ ಒಂದು ಕೈಚೀಲವನ್ನೂ ಕಿಟಕಿಯಿಂದ ತೂರಿಸಿದಳು.

"ಯಣ್ಣಾ, ಇಷ್ಟ ಹಿಡೀರಿ. ಮಗಳ ಕುಬಸ ಅದ, ಸುಲೇಪೇಟಕ ಹೊಂಟೀನಿ. ಗಂಟು ಅಡ್ಡ ಮಾಡಬ್ಯಾಡ್ರಿ, ಹೋಳಿಗಿ ಮುರೀತಾವ. ಕೆಳಗ ಇಡಬ್ಯಾಡ್ರಿ, ತೊಡಿ ಮ್ಯಾಲ ಇಟ್ಕೋರಿ. ಹಂಗಲ್ರಿ, ಸೀದಾ ಇಟ್ಕೋರಿ."

ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಇಷ್ಟು ಆಜ್ಞೆಗಳನ್ನು ನಾನು ನನ್ನ ಪ್ರಾಂಶುಪಾಲರಿಂದಲೂ ಪಡೆದಿರಲಿಲ್ಲ. ಗಂಟನ್ನು ಸೀದಾ ಇಟ್ಟುಕೊಂಡು ತಲೆ ಎತ್ತುವಷ್ಟರಲ್ಲಿ ಅವಳು ಜನಪ್ರವಾಹದಲ್ಲಿ ಸೇರಿಹೋಗಿದ್ದಳು. ಬಸ್ಸು ಹೊರಟಿತು. ಹಿಂದಿನ ಬಾಗಿಲಿನಿಂದ ಹತ್ತಿರಬಹುದು, ಜನ ಸರಿದ ಮೇಲೆ ಬರುತ್ತಾಳೆ ಅಂದುಕೊಂಡೆ. ಊರು ದಾಟಿತು, ಕಂಡಕ್ಟರು ಟಿಕೇಟು ಕೊಡುತ್ತ ನನ್ನವರೆಗೂ ಬಂದ, ಅವಳು ಮಾತ್ರ ಬರಲಿಲ್ಲ.

"ಹಸರ ಸೀರಿ ಉಟ್ಟಕೀನ? ಅಕಿ ಬಾಜೂ ಗಾಡಿ ಏರಿದ್ಳಲ್ರಿ," ಎಂದು ಹಿಂದಿನ ಆಸನದ ಮುದುಕಿ ನಿರುದ್ವಿಗ್ನವಾಗಿ ಹೇಳಿದಳು. ಎಂದರೆ ಬುತ್ತಿ ಉತ್ತರಕ್ಕೆ, ಬುತ್ತಿಯ ಒಡತಿ ದಕ್ಷಿಣಕ್ಕೆ. ಕಿಟಕಿಗೆ ಒಂದು ಬಸ್ಸು, ಬಾಗಿಲಿಗೆ ಇನ್ನೊಂದು ಬಸ್ಸು ಎಂಬ ಈ ಪ್ರಮಾದ ಕಿಟಕಿಯಿಂದ ಸೀಟು ಹಿಡಿಯುವ ನಮ್ಮ ಸೀಮೆಯಲ್ಲಿ ಬಿಟ್ಟರೆ ಬೇರೆಲ್ಲೂ ಆಗಲಿಕ್ಕಿಲ್ಲ.

ಕಂಡಕ್ಟರು ಸಮಂಜಸವಾದ ಪರಿಹಾರವನ್ನೇ ಸೂಚಿಸಿದ. "ನನ್ನ ಕಡಿ ಕೊಡ್ರಿ ಸರ್. ಸಂಜಿಗಿ ವಾಪಸ್ ಹೋದಾಗ ಸೇಡಂ ಸ್ಟ್ಯಾಂಡಿನಾಗ ಕೊಡ್ತೀನಿ."

ಬಸ್ಸಿನ ಹೆಂಗಸರೆಲ್ಲ ಒಮ್ಮೆಲೇ ಅವನ ಮೇಲೆ ಬಿದ್ದರು. "ಕುಬಸದ ಬುತ್ತಿ ಸಂಜಿಗಿ ಮುಟ್ಟಿದ್ರ ಏನ್ ಬಂತೋ ತಮ್ಮಾ? ತವರಮನಿ ಬುತ್ತಿ ಬರೂತನಕ ಬಸರಿ ಹೆಣಮಗಳು ಮಣಿ ಮ್ಯಾಲ ಕುಂದ್ರಂಗಿಲ್ಲ. ಬೀಗರ ಮನ್ಯಾಗ ಅಕಿ ಮಾರಿ ಏನಾಗಬೇಕು?" ಎಂದಳು ಅದೇ ಮುದುಕಿ. ಕಂಡಕ್ಟರು ಟಿಕೇಟು ಹರಿಯುತ್ತ ಮುಂದೆ ಹೋದ. ಬುತ್ತಿಯನ್ನು ಸುಲೇಪೇಟಕ್ಕೆ ಮುಟ್ಟಿಸುವ ಹೊಣೆ ಸರ್ವಾನುಮತದಿಂದ ನನ್ನ ತೊಡೆಯ ಮೇಲೆಯೇ ಉಳಿಯಿತು.

ಆಗ ಕೈಚೀಲದೊಳಗಿಂದ ಫೋನು ಬಡಿದುಕೊಳ್ಳತೊಡಗಿತು. ಪರಸ್ತ್ರೀಯ ಕೈಚೀಲಕ್ಕೆ ಕೈ ಹಾಕುವುದು ಶಿಷ್ಟಾಚಾರವೇ ಎಂದು ನಾನು ಚಿಂತನಮಗ್ನನಾಗಿರುವಾಗ ಪಕ್ಕದಲ್ಲಿ ಕೂತಿದ್ದ ಖಾಜಾಸಾಬರು, ಸುಲೇಪೇಟದಲ್ಲಿ ಬಟ್ಟೆ ಅಂಗಡಿ ಇಟ್ಟವರು, "ಎತ್ರಿ ಮಾಸ್ತರ, ಕುಬಸದ ಮನಿದೇ ಇರಬೇಕು" ಅಂದರು. ಎತ್ತಿದೆ.

"ಅವ್ವಾ, ಎಲ್ಲಿ ಬಂದಿ? ಇಲ್ಲಿ ಎಲ್ಲಾರೂ ಕೇಳ್ಲಿಕತ್ತಾರ," ಎಂದಿತು ಎಳೆಯ ಹೆಣ್ಣುದನಿ.

ಇಲ್ಲಿ ನನ್ನ ವೃತ್ತಿದೋಷವನ್ನು ನೀವು ಗಮನಿಸಬೇಕು. ಇತಿಹಾಸದ ಉಪನ್ಯಾಸಕರಿಗೆ ಯಾವ ಸಂಗತಿಯನ್ನೂ ಪೂರ್ವಪೀಠಿಕೆಯಿಲ್ಲದೆ ಹೇಳಿ ಅಭ್ಯಾಸವಿರುವುದಿಲ್ಲ. "ನಿಮ್ಮ ಅವ್ವಾರು ತಪ್ಪು ಬಸ್ಸು ಹತ್ತ್ಯಾರ, ಬುತ್ತಿ ನಾ ತರ್ಲಿಕತ್ತೀನಿ" ಎಂದರೆ ಮುಗಿಯುತ್ತಿತ್ತು. ನಾನು ಗಂಟಲು ಸರಿಪಡಿಸಿಕೊಂಡು, "ನೋಡಮ್ಮ, ಮೊದಲು ನೀ ಗಾಬರಿ ಆಗಬ್ಯಾಡ. ಮನಸ್ಸು ಗಟ್ಟಿ ಮಾಡ್ಕೊ. ಸೇಡಂ ಬಸ್ ಸ್ಟ್ಯಾಂಡಿನಾಗ ಒಂದು ಘಟನೆ ಆತು" ಎಂದು ಆರಂಭಿಸಿದೆ.

"ನಮ್ಮ ಅವ್ವಗ ಏನಾತ್ರಿ? ನೀವ್ಯಾರು? ಅವ್ವ ಎಲ್ಲಿ?"

ಅಷ್ಟರಲ್ಲಿ ಫೋನು ಒಂದು ಸಣ್ಣ ಸದ್ದು ಮಾಡಿ ಚಾರ್ಜು ಮುಗಿದು ಸತ್ತುಹೋಯಿತು. ಹುಡುಗಿಯ ನಂಬರೂ ಅದರೊಂದಿಗೇ ಹೋಯಿತು. ಹಿಂದಿನ ಆಸನದ ಮುದುಕಿ, "ಏಳು ತಿಂಗಳ ಬಸರಿಗಿ ಹಿಂಗ ಹೇಳ್ತಾರೇನ್ರಿ? ಓದಿದವರು ನೀವು," ಅಂದಳು. ಇಲ್ಲಿಯವರೆಗೆ ನನ್ನ ತೊಡೆಯ ಮೇಲಿದ್ದದ್ದು ಹೋಳಿಗೆಯ ಗಂಟು. ಈಗ ಎಲ್ಲೋ ಒಂದು ಅಂಗಳದಲ್ಲಿ, ಹಸಿರು ಬಳೆಯ ಕೈಯಲ್ಲಿ ಫೋನು ಹಿಡಿದು, ತಾಯಿಗೆ ಏನಾಯಿತೋ ಎಂದು ನಡುಗುತ್ತಿರುವ ಹುಡುಗಿಯೊಬ್ಬಳನ್ನೂ ನಾನೇ ಹುಟ್ಟಿಸಿಬಿಟ್ಟಿದ್ದೆ. ಸುಲೇಪೇಟ ಆ ದಿನ ತನ್ನ ಜಾಗದಿಂದ ಇನ್ನಷ್ಟು ಹಿಂದಕ್ಕೆ ಸರಿದುಕೊಂಡಂತೆ ಕಂಡಿತು.

ಸುಲೇಪೇಟದಲ್ಲಿ ಇಳಿದಾಗ ಖಾಜಾಸಾಬರು ಅಂಗಡಿಗೆ ಹೋಗದೆ ನನ್ನ ಜೊತೆಗೇ ಬಂದರು. "ಚಿಂತಿ ಮಾಡಬ್ಯಾಡ್ರಿ, ಕುಬಸದ ಮನಿ ನನಗ ಮಾಲೂಮ್ ಅದ," ಎಂದು ಭರವಸೆ ಕೊಟ್ಟು, ಅಷ್ಟೇ ಭರವಸೆಯಿಂದ ನನ್ನನ್ನು ಬೇರೆಯದೇ ಮನೆಗೆ ಕರೆದೊಯ್ದರು. ಮುಹೂರ್ತ ಚೆನ್ನಾಗಿದ್ದುದರಿಂದ ಊರಲ್ಲಿ ಆ ದಿನ ಎರಡು ಕುಬಸ. ಮೊದಲ ಮನೆಯಲ್ಲಿ ತವರಿನವರು ಆಗಲೇ ಊಟಕ್ಕೆ ಕೂತು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು. ನಮಗೂ ಎಲೆ ಹಾಕಹೊರಟವರ ಕೈಯಿಂದ ಪಾರಾಗಿ, ಕೇಳುತ್ತ ಕೇಳುತ್ತ ಇನ್ನೊಂದು ಶಾಮಿಯಾನದ ಮುಂದೆ ಹೋಗಿ ನಿಂತೆವು.

ಹೊಸ್ತಿಲಲ್ಲಿ ಅವಳು ನಿಂತಿದ್ದಳು. ಹೆಸರು ಭಾಗ್ಯಶ್ರೀ ಎಂದು ಆಮೇಲೆ ತಿಳಿಯಿತು. ಬುತ್ತಿ ಮುಟ್ಟಿದರೆ ಹುಡುಗಿಯ ಮುಖ ಅರಳುತ್ತದೆಂದು ದಾರಿಯುದ್ದಕ್ಕೂ ಎಣಿಸಿಕೊಂಡಿದ್ದ ನಾನು ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ. ಅವಳು ಗಂಟು ನೋಡಿದಳು. ನನ್ನ ಹಿಂದೆ ನೋಡಿದಳು. ಅಲ್ಲಿ ಖಾಜಾಸಾಬರಿದ್ದರು, ಅವ್ವ ಇರಲಿಲ್ಲ. ಗೋಡೆ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅಳತೊಡಗಿದಳು. ತಾಯಿ ಬಾರದೆ ತಾಯಿಯ ಗಂಟಷ್ಟೇ ಬಂದರೆ ಯಾವ ಮಗಳು ತಾನೇ ನಕ್ಕಾಳು, ಇದು ನನ್ನ ಮಹಾಬುದ್ಧಿಗೆ ಹೊಳೆದಿರಲೇ ಇಲ್ಲ.

"ಅವ್ವ ಆರಾಮ ಅದಾರವ್ವ. ತಪ್ಪು ಗಾಡಿ ಏರ್ಯಾರ, ಅಷ್ಟೇ," ಎಂದೆ. ಅವಳು ನಂಬಲಿಲ್ಲ. ಫೋನಿನಲ್ಲಿ ಮನಸ್ಸು ಗಟ್ಟಿ ಮಾಡಿಕೋ ಎಂದವನನ್ನು ಯಾರು ನಂಬುತ್ತಾರೆ? ಕೊನೆಗೆ ಬೇರೆ ದಾರಿ ಕಾಣದೆ, ನಡೆದದ್ದನ್ನು ಪೀಠಿಕೆಯಿಲ್ಲದೆ ಹೇಳಿದೆ. ಕಿಟಕಿಯ ಕೆಳಗೆ ನಿಂತು ಹೇಗೆ ಗದರಿದಳು, ಗಂಟು ಅಡ್ಡ ಮಾಡಬೇಡ ಎಂದಳು, ಕೆಳಗಿಡಬೇಡ ಎಂದಳು, ತೊಡೆಯ ಮೇಲಿಟ್ಟರೆ ಹಾಗಲ್ಲ ಹೀಗೆ ಎಂದಳು. ಹುಡುಗಿಯ ಬಿಕ್ಕು ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾರ ನಮ್ಮವ್ವನೇ ಖರೆ," ಎಂದು ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಭಾಗ್ಯಶ್ರೀಗೆ ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ. ತವರು ಎಂದರೆ ಹಸಿರು ಸೀರೆಯ ಆ ತಾಯಿ ನಾಗಮ್ಮ ಒಬ್ಬಳೇ. ಇತ್ತ ಒಳ್ಳೆಯ ಹೊತ್ತು ಮೀರುತ್ತಿತ್ತು, ಅತ್ತೆ ಪದೇಪದೇ ಗಡಿಯಾರ ನೋಡುತ್ತಿದ್ದರು. ಅವ್ವ ಬರದೆ ಮಣೆಯ ಮೇಲೆ ಕೂಡುವುದು ಹುಡುಗಿಗೆ ಸುತರಾಂ ಬೇಡ, ಆದರೆ ಹಿರಿಯರೆದುರು ಹಾಗೆಂದು ಬಾಯಿಬಿಟ್ಟು ಹೇಳಲೂ ಆಗದು. ನನ್ನತ್ತ ತಿರುಗಿ ಮೆಲ್ಲಗೆ, "ಅವ್ವ ಇಲ್ದ ಹ್ಯಾಂಗ ಕುಂದ್ರಲ್ರಿ," ಅಂದಳು. ಅಷ್ಟರಲ್ಲಿ ಅವಳ ಮಾವ, ದೊಡ್ಡ ಮೀಸೆಯ ಗಂಭೀರ ಮನುಷ್ಯ, ತೀರ್ಪು ಕೊಟ್ಟರು. "ಬುತ್ತಿ ತಂದವರೇ ತವರಿನವರು. ಮಾಸ್ತರ, ಕಾಲಿಗಿ ನೀರ ತಗೋರಿ, ಬರ್ರಿ ಕುಂದ್ರಿ. ನಮ್ಮ ಮನಿತನದಾಗ ಬುತ್ತಿ ಗಂಟು ತವರಿನ ಕೈಲೇ ಬಿಚ್ಚಬೇಕು. ನೀವು ಗಂಟು ಬಿಚ್ರಿ, ಕುಬಸ ಶುರು ಮಾಡೂಣು."

ಹೀಗೆ ಹಾದಿಹೋಕನಾದ ನಾನು ಕಾಲು ತೊಳೆಸಿಕೊಂಡು, ಜಮಖಾನೆಯ ಮೇಲೆ ಪಟ್ಟಾಭಿಷಿಕ್ತನಾಗಿ, ನೆರೆದ ಬಂಧುಬಳಗದ ಎದುರು ಗಂಟಿಗೆ ಕೈ ಹಾಕಿದೆ. ಅದು ಬಿಚ್ಚಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ, ಇನ್ನಷ್ಟು ಬಿಗಿಯಿತು. ಜಗತ್ತಿನ ಎಷ್ಟೋ ಸಾಮ್ರಾಜ್ಯಗಳ ಕಗ್ಗಂಟುಗಳನ್ನು ಕರಿಹಲಗೆಯ ಮೇಲೆ ಲೀಲಾಜಾಲವಾಗಿ ಬಿಡಿಸಿದ ಈ ಬೆರಳುಗಳು ನಾಗಮ್ಮನ ಧೋತರದ ಗಂಟಿನ ಎದುರು ಸೋತುಹೋದವು. ಉಗುರು ಹಾಕಿದೆ, ಹಲ್ಲು ಹಾಕಲು ಬಾಗಿದೆ, ಯಾರೋ ಕೆಮ್ಮಿದ್ದರಿಂದ ಸುಮ್ಮನಾದೆ. ಕತ್ತರಿ ತರಲೇ ಎಂದು ಒಬ್ಬರು ಕೇಳಿದರು. ತವರಿನ ಗಂಟಿಗೆ ಕತ್ತರಿ ಹಾಕುತ್ತಾರೆಯೇ ಎಂದು ನಾಲ್ಕು ಮಂದಿ ಅವರನ್ನು ಬೈದರು. ಬೇರೆಯವರು ಮುಟ್ಟುವ ಹಾಗಿಲ್ಲ, ನನ್ನಿಂದ ಆಗುತ್ತಿಲ್ಲ. ನನ್ನ ಬೆವರು ಬುತ್ತಿಯ ಮೇಲೆ ಬೀಳದಂತೆ ಖಾಜಾಸಾಬರು ತಮ್ಮ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದರು. ಅತ್ತೆ ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದ್ದರು.

ಎಷ್ಟು ಹೊತ್ತು ಹಾಗೆ ಒದ್ದಾಡಿದೆನೋ, ಹಿಂದಿನಿಂದ ಒಂದು ಪರಿಚಿತ ದನಿ ಕೇಳಿತು.

"ಹಂಗಲ್ರಿ ಯಣ್ಣಾ. ಎಡಗಡಿ ಚುಂಗು ಹಿಡಿದು ಎಳೀರಿ."

ನಾಗಮ್ಮ ಬಂದಿದ್ದಳು. ಗುರುಮಠಕಲ್ ದಾರಿಯಲ್ಲಿ ಮೊದಲ ನಿಲುಗಡೆಗೇ ಇಳಿದು ಅಳುತ್ತ ನಿಂತವಳನ್ನು, ಹೊಲಕ್ಕೆ ಹೊರಟಿದ್ದ ಯಾರೋ ಒಬ್ಬ ಪುಣ್ಯಾತ್ಮ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸೇಡಮ್ಮಿಗೆ ತಂದು, ಸುಲೇಪೇಟದ ಜೀಪು ಹತ್ತಿಸಿ ಹೋಗಿದ್ದ. ಹೆಸರೂ ಹೇಳದೆ ಹೋದನಂತೆ. ಉಪಕಾರದ ಗುತ್ತಿಗೆ ಈ ಸೀಮೆಯಲ್ಲಿ ನನ್ನೊಬ್ಬನದೇ ಎಂದುಕೊಂಡಿದ್ದವನಿಗೆ ಇದು ತುಸು ನಿರಾಸೆಯ ಸುದ್ದಿಯೇ. ಭಾಗ್ಯಶ್ರೀ ಎದ್ದು ಹೋಗಿ ತಾಯಿಯನ್ನು ತಬ್ಬಿಕೊಂಡಳು. ನಾನು ಎಡಗಡೆಯ ಬಟ್ಟೆತುದಿ ಹಿಡಿದು ಎಳೆದೆ, ಗಂಟು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡಿತು. ಒಳಗೆ ಒಂದು ಹೋಳಿಗೆಯೂ ಮುರಿದಿರಲಿಲ್ಲ.

ತಾಯಿ ಮೊದಲ ತುತ್ತು ಉಣಿಸಿದಳು. ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತ ಆ ಹುಡುಗಿಯನ್ನು ನೋಡುತ್ತ ನನ್ನ ಕಣ್ಣು ಯಾಕೋ ಮಂಜಾಯಿತು. ಕುಬಸ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದು, "ಅವ್ವ ಬರೂತನಕ ತಡಾ ಆಗಲಿ ಅಂತ ನೀವು ಬೇಕಂತನೇ ಗಂಟು ಬಿಚ್ಚಲಿಲ್ಲ, ಹೌದಿಲ್ರಿ ಮಾಮಾ?" ಎಂದು ಕೇಳಿದಳು. ನಾನು ಜ್ಞಾನವೃದ್ಧನಂತೆ ಮುಗುಳ್ನಕ್ಕೆ. ಸತ್ಯ ಹೇಳಲು ನನ್ನ ವಿನಯ ಅಡ್ಡ ಬಂತು. ಜೀವಮಾನವಿಡೀ ಕಷ್ಟಪಟ್ಟು ಮಾಡಿದ ಉಪಕಾರಗಳಿಗೆ ಬೈಗುಳ ತಿಂದವನು, ಬಾರದ ಕೆಲಸ ಮಾಡಲು ಹೋಗಿ ಸೋದರಮಾವನ ಪದವಿ ಪಡೆದೆನಲ್ಲ ಎಂದು ಒಳಗೊಳಗೇ ಬೀಗಿದೆ.

ಹೊರಡುವಾಗ ಬೀಗರು ತವರಿನವರಿಗೆ ಸಲ್ಲುವ ಆಯೇರಿ ಉಡುಗೊರೆಯನ್ನು ನನಗೆ ಮಾಡಿದರು. ಹೆಗಲಿಗೆ ಟವೆಲ್ಲು, ತಲೆಗೆ ಬಿಳಿ ಟೋಪಿ. ಉಪಕಾರಕ್ಕೆ ಹೋಗಿ ಜನರಿಂದ ಟೋಪಿ ಹಾಕಿಸಿಕೊಂಡದ್ದು ನನಗೆ ಹೊಸದಲ್ಲ, ಅಕ್ಷತೆ ಹಚ್ಚಿ ಮರ್ಯಾದೆಯಿಂದ ಹಾಕಿದ್ದು ಇದೇ ಮೊದಲು. ನಾಗಮ್ಮ ಬಾಗಿಲವರೆಗೆ ಬಂದಳು. ಬುತ್ತಿ ಕಳೆದುಹೋಯಿತೆಂದು ಭಾಳ ಗಾಬರಿಯಾಗಿರಬೇಕಲ್ಲವೇ ಎಂದು ಕೇಳಿದೆ.

"ನಾನೆಲ್ಲಿ ಅದೀನಿ ಅಂತ ಗಾಬರಿ ಆಗಿತ್ರಿ. ಬುತ್ತಿದು ಚಿಂತಿ ಇರಲಿಲ್ಲ," ಅಂದಳು. "ಕೊಡುವಾಗನೇ ನಿಮ್ಮ ಮಾರಿ ನೋಡಿ ಕೊಟ್ಟಿದ್ದೆ."

ಆ ದಿನ ನಾನು ಚಿಂಚೋಳಿಗೆ ಹೋಗಲೇ ಇಲ್ಲ. ಶರಣಪ್ಪ ತನಗೆ ತೋಚಿದ ಕಲ್ಲು ಹಾಸಿಸಿದ. ನೆಲ ಬಹಳ ಚೆನ್ನಾಗಿ ಬಂದಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಗೆಳೆಯರಿಗೆ ಎಷ್ಟೋ ಸಲ ನಾವು ಹೋಗದಿರುವುದೇ ಸಹಾಯ. ಮನೆಗೆ ಬಂದು, ಟೋಪಿ ತೆಗೆಯದೆಯೇ, ಬೈಸಿಕೊಳ್ಳಲು ಸಿದ್ಧನಾಗಿ ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ಊರ ಉಸಾಬರಿಯ ಮಾತು ಬರಲಿಲ್ಲ. ಅವಳು, "ಹೋಳಿಗಿ ಶೇಂಗಾದೋ, ಬ್ಯಾಳಿದೋ?" ಎಂದು ಕೇಳಿದಳು. ಉತ್ತರಕ್ಕೂ ಕಾಯದೆ, "ಆ ಹುಡುಗಿ ಹೆಸರು ಏನಂದ್ರಿ?" ಎಂದಳು.

ಕೆಲ ದಿನಗಳಾದ ಮೇಲೆ, ನಾನು ಹೊರಡುವಾಗ ನಂಬರು ಬರೆದುಕೊಂಡಿದ್ದ ಆ ಹುಡುಗಿಯೇ ಫೋನು ಮಾಡಿದಳು. ಮಾಮಾ ಎಂದು ಶುರುವಾದ ಮಾತು ನನ್ನ ಕೈಯಿಂದ ಶಾಂತಾಳ ಕೈಗೆ ಹೋಯಿತು, ಮತ್ತೆ ನನ್ನ ಕೈಗೆ ಬರಲಿಲ್ಲ. ಬಸುರಿಗೆ ಏನು ತಿನ್ನಬೇಕೆನಿಸುತ್ತದೆ, ಏನು ಸೇರುವುದಿಲ್ಲ ಎಂಬ ವಿಚಾರಣೆ ಸಾಂಗವಾಗಿ ನಡೆಯಿತು. ಮರುದಿನ ನಸುಕಿಗೇ ಎದ್ದು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಮಾಡಿ, ಬಿಳಿ ಧೋತರ ಹಾಸಿ ಬುತ್ತಿ ಕಟ್ಟಿದಳು. ಹೋಳಿಗೆ ತಟ್ಟುವಾಗ ಈ ಸಲ ಎಲ್ಲಿಯೂ ತಡೆದು ನಿಲ್ಲಲಿಲ್ಲ. ಗಂಟು ಹಾಕಲು ನಾನು ಸಹಾಯಕ್ಕೆ ಹೋದೆ, ದೂರ ಸರಿಯಲು ಹೇಳಿದಳು.

ಸೇಡಂ ನಿಲ್ದಾಣದಲ್ಲಿ ಅದೇ ಚಿಂಚೋಳಿ ಬಸ್ಸು, ಬಾಗಿಲಲ್ಲಿ ಅದೇ ಧರ್ಮಯುದ್ಧ. ನಾನು ಹೇಗೆ ಒಳಗೆ ನುಗ್ಗುವುದೆಂದು ವ್ಯೂಹ ರಚಿಸುತ್ತಿರುವಷ್ಟರಲ್ಲಿ ಶಾಂತಾ ಬಸ್ಸಿನ ಉದ್ದಕ್ಕೂ ಕಿಟಕಿಗಳನ್ನು ನೋಡುತ್ತ ನಡೆದು, ಒಂದರ ಕೆಳಗೆ ನಿಂತಳು. ಒಳಗೆ ಕನ್ನಡಕದ ಗೃಹಸ್ಥನೊಬ್ಬ ಗಾಳಿ ಕುಡಿಯುತ್ತ ನಿಶ್ಚಿಂತನಾಗಿ ಕೂತಿದ್ದ.

"ಯಣ್ಣಾ, ಇಷ್ಟ ಹಿಡೀರಿ," ಎಂದು ಗಂಟನ್ನು ಅವನ ಕೈಗೆ ಕೊಟ್ಟಳು. "ಅಡ್ಡ ಮಾಡಬ್ಯಾಡ್ರಿ. ನಮ್ಮ ಮಗಳ ಬುತ್ತಿ ಅದ, ಸುಲೇಪೇಟಕ."

ಅವನು ಗಂಟನ್ನು ತೊಡೆಯ ಮೇಲೆ ಸೀದಾ ಇಟ್ಟುಕೊಂಡ. ನಾನು ಅವನ ಮುಖವನ್ನು ನೋಡಿದೆ. ಪಾಪ, ಅವನ ಮುಖದಲ್ಲೂ ಏನೋ ಇತ್ತು. ಬಸ್ಸಿನ ಬೋರ್ಡನ್ನು ಎರಡು ಸಲ ಓದಿಕೊಂಡು, ಶಾಂತಾಳ ಸೆರಗು ಕಣ್ತಪ್ಪದಂತೆ ಅವಳ ಹಿಂದೆಯೇ ಬಾಗಿಲಿಗೆ ನುಗ್ಗಿದೆ.